ವಿರಾಜಪೇಟೆ ಚರ್ಚ್ ಜಗಲಿ, ಬಿಡದ ಮಳೆ, ರಿಟೈರ್ಡ್ ಮೇಷ್ಟ್ರು

ಅಬ್ಬಿ ಫಾಲ್ಸು, ರಾಜಾಸೀಟು, ದುಬಾರೆ ಎಲ್ಲ ನೋಡಿದ್ವಿ, ಚೆನ್ನಾಗಿದ್ವು, ಜನ ಜಾಸ್ತಿ, ಅಷ್ಟೇ. ನಾನು ಬರೀಬೇಕು ಅಂತ ಕೂತಿರೋದು ವಿರಾಜಪೇಟೆ ಸಂತ ಅನ್ನಮ್ಮ ಚರ್ಚಿನ ಜಗಲೀಲಿ ಕೇಳಿದ ಮಾತಿನ ಬಗ್ಗೆ. ಅಲ್ಲಿಗೆ ಹೋಗೋ ಪ್ಲಾನೇ ಇರ್ಲಿಲ್ಲ, ಹೋಗೋ ಹಂಗಾಗಿದ್ದು ಒಂದು ಹೋಮ್‌ಸ್ಟೇ ದೆಸೆಯಿಂದ.

ಹೊಟ್ಟೆ ಉರಿದಿದ್ದನ್ನ ಮೊದ್ಲೇ ಹೇಳಿ ಮುಗಿಸ್ತೀನಿ. "ಟೌನಿಗೆ ತುಂಬ ಹತ್ರ" ಅಂತ ಬರೆದಿದ್ರು, ನಿಜಾನೂ ಹತ್ರಾನೇ, ಆದ್ರೆ ಕೊನೇ ದಾರಿ ಪೂರ್ತಿ ಕೆಸರು ಏರು, ನಮ್ ಕಾರು ಹತ್ತಲ್ಲ, ಅವ್ರ ಜೀಪೇ ಬರ್ಬೇಕು, ಅದಕ್ಕೆ ಹೋಗ್ತಾ ಬರ್ತಾ ಬೇರೆ ದುಡ್ಡು, ಇದ್ಯಾವ್ದನ್ನೂ ಬುಕ್ ಮಾಡೋವಾಗ ಹೇಳಿರ್ಲಿಲ್ಲ. ಮಳೆಗಾಲದಲ್ಲಿ ಹೋಗೋರು ಮೊದ್ಲೇ ಫೋನ್ ಮಾಡಿ "ನಮ್ ಕಾರು ಬಾಗ್ಲವರ್ಗೂ ಬರುತ್ತಾ" ಅಂತ ಕೇಳಿ, ಉತ್ರಾನ ವಾಟ್ಸಾಪಲ್ಲಿ ಬರೆಸ್ಕೊಳ್ಳಿ. ಜಿಗಣೆಗೆ ಉಪ್ಪು ಇಟ್ಕೊಳ್ಳಿ, ಅದಕ್ಕೆ ಯಾರನ್ನೂ ಬೈಯೋ ಹಂಗಿಲ್ಲ.

ಅವತ್ತು ಜೀಪು ಬರೋದು ಲೇಟು ಅಂದ್ರು. ಭಾವ ಕಾರಲ್ಲೇ ಸೀಟು ಹಿಂದಕ್ಕೆ ತಳ್ಳಿ ಮಲಗಿದ್ರು, ನಾನು ಕೊಡೆ ಹಿಡ್ಕೊಂಡು ಚರ್ಚ್ ಕಡೆ ನಡೆದೆ. ಮಳೇಲಿ ನೆಂದ ಎತ್ತರದ ಗೋಥಿಕ್ ಗೋಪುರ, ಸುತ್ತ ಬೆಟ್ಟ, ನಂಗಂತೂ ಫಾಲ್ಸಿಗಿಂತ ಇದೇ ಹಿಡಿಸ್ತು. ಜಗಲೀಲಿ ಬೆಂಚಿನ ಮೇಲೆ ಒಬ್ರು ವಯಸ್ಸಾದವ್ರು ಕೂತಿದ್ರು, ಹೈಸ್ಕೂಲ್ ಮೇಷ್ಟ್ರಾಗಿದ್ದು ರಿಟೈರ್ ಆದವ್ರು, ಈಗ ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳ್ಕೊಡ್ತಾರಂತೆ. ಟಿಪ್ಪು ಕಾಲದಲ್ಲಿ ಓಡಿ ಬಂದ ಕ್ಯಾಥೊಲಿಕರಿಗೆ ದೊಡ್ಡವೀರರಾಜೇಂದ್ರ ಇಲ್ಲಿ ಜಾಗ ಕೊಟ್ಟ, ಈ ಪೇಟೆ ಕಟ್ಟಿಸಿದ್ದೂ ಅವನೇ, 1792ರಲ್ಲಿ ಅಂತ ಅವ್ರೇ ಶುರು ಮಾಡಿದ್ರು. ಲಿಂಗಾಯತ ರಾಜ ಚರ್ಚಿಗೆ ಜಾಗ ಕೊಟ್ಟಿದ್ದು ಅಂದಾಗ ನಾನು ಸುಮ್ನೆ, "ಹಂಗಾದ್ರೆ ಫಾದರ್‌ನ ನೇಮಕ ಮಾಡ್ತಿದ್ದಿದ್ದೂ ರಾಜಾನೇನಾ ಸಾರ್?" ಅಂದೆ.

"ಜಾಗ ರಾಜಂದು, ಅಧಿಕಾರ ರಾಜಂದಲ್ಲ" ಅಂದ್ರು. ಈಗ ಇಲ್ಲಿಗೆ ಫಾದರ್ ಕಳಿಸೋದು ಮೈಸೂರು ಬಿಷಪ್ಪು, ಕೊಡಗು ಪೂರ್ತಿ ಮೈಸೂರು ಧರ್ಮಕ್ಷೇತ್ರಕ್ಕೇ ಸೇರಿದ್ದು. ಮೈಸೂರಲ್ಲೇ ಹುಟ್ಟಿ ಬೆಳೆದ ನಂಗೆ ಫಿಲೋಮಿನಾ ಚರ್ಚು ಅಂದ್ರೆ ಫೋಟೋ ತೆಗೆಯೋ ಜಾಗ, ಅದು ಬಿಷಪ್ ಪೀಠ ಇರೋ ಚರ್ಚು ಅಂತ ತಿಳಿದಿದ್ದು ಅವತ್ತೇ. ಬಿಷಪ್ಪನ್ನ ನೇಮಿಸೋದು ಪೋಪು, ಆದ್ರೆ ಆ ದೀಕ್ಷೆ ಬರೋದು ಬೇರೆ ಬಿಷಪ್ಪುಗಳು ತಲೆ ಮೇಲೆ ಕೈಯಿಟ್ಟಾಗ, ಅವ್ರ ತಲೆ ಮೇಲೆ ಅವ್ರಿಗಿಂತ ಹಿಂದಿನವ್ರು ಕೈಯಿಟ್ಟಿರ್ತಾರೆ, ಹಿಂಗೇ ಹಿಂದಕ್ಕೆ ಹೋದ್ರೆ ಯೇಸು ಆರಿಸಿದ ಹನ್ನೆರಡು ಜನ ಪ್ರೇಷಿತರವರ್ಗೂ ಕೊಂಡಿ ಕಡಿದಿಲ್ಲ ಅನ್ನೋದು ಅವ್ರ ನಂಬಿಕೆ.

ನಾನು ತಡ್ಕೊಳ್ಳೋಕಾಗ್ದೆ ಕೇಳ್ಬಿಟ್ಟೆ. "ಸಾರ್ ಬೇಜಾರ್ ಮಾಡ್ಕೋಬೇಡಿ, ಯೇಸುಸ್ವಾಮಿ ಇದ್ದಾರಲ್ಲ, ಮಧ್ಯ ಇಷ್ಟೊಂದು ಜನ ಯಾಕೆ?"

"ನಮ್ ಪ್ರೊಟೆಸ್ಟೆಂಟ್ ನೆಂಟ್ರೂ ಇದನ್ನೇ ಕೇಳೋದು ಮಾರಾಯ್ರೆ" ಅಂತ ನಕ್ಕು, ಸೌಲನ ಕಥೆ ತೆಗೆದ್ರು. ಕ್ರೈಸ್ತರನ್ನ ಹಿಡಿದು ಕಟ್ಟಿ ತರೋಕೆ ದಮಸ್ಕಕ್ಕೆ ಹೊರಟ ಮನುಷ್ಯ, ದಾರೀಲಿ ಬೆಳಕು ಬಡಿದು ನೆಲಕ್ಕೆ ಬೀಳ್ತಾನೆ, ಒಂದು ದನಿ ಕೇಳುತ್ತೆ. "ಆ ದನಿ ಏನು ಕೇಳ್ತು ಹೇಳಿ? ನನ್ನ ಜನಕ್ಕೆ ಯಾಕೆ ಹಿಂಸೆ ಕೊಡ್ತೀಯ ಅಂತಲ್ಲ, ನನಗೆ ಯಾಕೆ ಹಿಂಸೆ ಕೊಡ್ತೀಯ ಅಂತ. ಸೌಲ ಹೊಡೆಯೋಕೆ ಹೊರಟಿದ್ದು ಯೇಸುವಿನ ಜನರನ್ನ. ಆದ್ರೆ ಯೇಸು ನನಗೇ ಏಟು ಬಿತ್ತು ಅಂದ. ಅದೇ ಸೌಲ ಪೌಲನಾದ ಮೇಲೆ ಬರೆದ, ಧರ್ಮಸಭೆ, ಅಂದ್ರೆ ಚರ್ಚು, ಕ್ರಿಸ್ತನ ದೇಹ, ಕ್ರಿಸ್ತ ಅದರ ಶಿರಸ್ಸು ಅಂತ. ಶಿರಸ್ಸಿಗೂ ದೇಹಕ್ಕೂ ಮಧ್ಯ ಯಾರನ್ನ ಕೂರಿಸ್ತೀರಿ?"

ನಂಗೆ ಒಂದ್ ಕ್ಷಣ ಮಾತೇ ಬರ್ಲಿಲ್ಲ. ಚರ್ಚು ಅಂದ್ರೆ ದೇವ್ರಿಗೂ ಭಕ್ತರಿಗೂ ನಡುವಿನ ಆಫೀಸು ಅನ್ನೋ ಲೆಕ್ಕದಲ್ಲಿದ್ದೆ ನಾನು, ಇವ್ರ ಲೆಕ್ಕದಲ್ಲಿ ಆ ನಡುವೆ ಅನ್ನೋದೇ ಇಲ್ಲ.

ಆದ್ರೂ ಬಿಡ್ಲಿಲ್ಲ. ದೇಹ ಅಂದ್ರೆ ಎಲ್ಲಾ ಭಕ್ತರೂ ತಾನೇ, ಕೆಲವ್ರಿಗೇ ಯಾಕೆ ಅಧಿಕಾರ ಅಂದೆ. ಅವಾಗ ಬೀಗದ ಕೈ ವಿಷ್ಯ ಬಂತು. ಮತ್ತಾಯನ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಯೇಸು ಪೇತ್ರನಿಗೆ, ಅಂದ್ರೆ ಕ್ಯಾಥೊಲಿಕರ ಲೆಕ್ಕದಲ್ಲಿ ಮೊದಲನೇ ಪೋಪಿಗೆ, ಸ್ವರ್ಗಸಾಮ್ರಾಜ್ಯದ ಬೀಗದ ಕೈ ಕೊಡ್ತೀನಿ ಅಂತಾನೆ. ಆದ್ರೆ ಅದಕ್ಕೂ ನೂರಾರು ವರ್ಷ ಹಿಂದೆ ಹಳೇ ಒಡಂಬಡಿಕೆಯ ಯೆಶಾಯನ ಪುಸ್ತಕದ 22ನೇ ಅಧ್ಯಾಯದಲ್ಲೂ ಒಂದು ಬೀಗದ ಕೈ ಇದೆಯಂತೆ, ಅಲ್ಲಿ ಅರಮನೆ ನೋಡ್ಕೊಳ್ತಿದ್ದ ಶೆಬ್ನ ಅನ್ನೋನನ್ನ ತೆಗೆದು ಎಲ್ಯಾಕೀಮನಿಗೆ ದಾವೀದನ ಮನೆತನದ ಬೀಗದ ಕೈ ಕೊಡ್ತಾರೆ, ಅವ್ನು ತೆಗೆದಿದ್ದನ್ನ ಯಾರೂ ಮುಚ್ಚೋ ಹಂಗಿಲ್ಲ, ಮುಚ್ಚಿದ್ದನ್ನ ತೆಗೆಯೋ ಹಂಗಿಲ್ಲ.

"ನಮ್ ಕಡೆ ಎಸ್ಟೇಟ್ ರೈಟರ್ ಇರ್ತಾನಲ್ಲ, ಹಂಗೆ. ಧಣಿ ಬೆಂಗ್ಳೂರಲ್ಲಿದ್ರೂ ಗೋಡೌನ್ ಕೀ ಅವನ ಸೊಂಟದಲ್ಲಿ. ಅವನ ಮಾತು ಧಣಿ ಮಾತೇ. ಆದ್ರೆ ತೋಟದಲ್ಲಿರೋ ಒಂದು ಸಿಲ್ವರ್ ಓಕ್ ಕಡಿದು ಮಾರೋ ಹಕ್ಕು ಅವನಿಗಿಲ್ಲ" ಅಂದ್ರು. ಧರ್ಮಸಭೆಯ ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವೆಗೆ ಇರೋದು ಅಂತ 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೇನೇ, ಅಂದ್ರೆ ಲೋಕದ ಕ್ಯಾಥೊಲಿಕ್ ಬಿಷಪ್ಪುಗಳು ಸೇರಿದ ಸಭೇನೇ, ಬರೆದಿಟ್ಟಿದೆಯಂತೆ. ಉದಾಹರಣೆಗೆ ಅಂತ ಹೇಳಿದ್ದು, ಹೆಂಗಸರಿಗೆ ಗುರುದೀಕ್ಷೆ ಕೊಡೋ ಅಧಿಕಾರ ಧರ್ಮಸಭೆಗೇ ಇಲ್ಲ, ಕ್ರಿಸ್ತ ಕೊಡದೇ ಇರೋದನ್ನ ನಾನು ಹೆಂಗೆ ಕೊಡ್ಲಿ ಅಂತ 1994ರಲ್ಲಿ ಎರಡನೇ ಜಾನ್ ಪಾಲ್ ಪೋಪ್ ಹೇಳಿದ್ದು. ನಂಗಿದು ಅನುಕೂಲಕ್ಕೆ ತಕ್ಕ ಹಾಗಿರೋ ಅಸಹಾಯಕತೆ ಅನ್ನಿಸ್ತು, ಹಂಗೇ ಹೇಳ್ದೆ ಕೂಡ. ಮೇಷ್ಟ್ರು ತಲೆ ಅಲ್ಲಾಡಿಸಿದ್ರು, ಒಪ್ಪಿದ್ರೋ ಬಿಟ್ರೋ.

ಪೋಪ್ ಹೇಳಿದ್ದೆಲ್ಲ ತಪ್ಪೇ ಇಲ್ದಿರೋ ಮಾತು ಅಂತಾರಲ್ಲ ಅಂದಿದ್ದಕ್ಕೆ ಮಾತ್ರ ಸ್ವಲ್ಪ ಸಿಟ್ಟಾದ್ರು. "ಎಲ್ಲಾ ಮಾತೂ ಅಂತ ಯಾರ್ರೀ ಹೇಳಿದ್ದು?" 1870ರಲ್ಲಿ ಮೊದಲನೇ ವ್ಯಾಟಿಕನ್ ಮಹಾಸಭೆ ಹೇಳಿದ್ದು, ವಿಶ್ವಾಸ ಮತ್ತೆ ನೀತಿ ವಿಷ್ಯದಲ್ಲಿ ಪೀಠದಿಂದ ಇಡೀ ಧರ್ಮಸಭೆಗೆ ಇದೇ ಕೊನೇ ಮಾತು ಅಂತ ಸಾರಿದಾಗ ಮಾತ್ರ. ಅದಾದ ಮೇಲೆ ಹಾಗೆ ಸಾರಿದ್ದು 1950ರಲ್ಲಿ, ಮರಿಯಮ್ಮನವರ ಸ್ವರ್ಗಾರೋಹಣದ ಬಗ್ಗೆ, ಹನ್ನೆರಡನೇ ಪಿಯುಸ್ ಪೋಪು.

"ರೈಟರ್ ಕಳ್ಳ ಆದ್ರೆ ಸಾರ್?"

ಪೇತ್ರ ಮೂರು ಸಲ ಯೇಸು ಗೊತ್ತೇ ಇಲ್ಲ ಅಂದವ್ನು, ಆಮೇಲೆ ಅಂತಿಯೋಕ್ಯದಲ್ಲಿ ಪೌಲನ ಹತ್ರ ಎದುರೆದುರೇ ಬೈಸ್ಕೊಂಡವ್ನು, ಅದನ್ನೂ ಬೈಬಲ್ಲಲ್ಲೇ ಬರೆದಿಟ್ಟಿದ್ದಾರೆ ಅಂದ್ರು. ಆಮೇಲೆ ಸಂತ ಅಗಸ್ಟೀನರ ಮಾತು ಹೇಳಿದ್ರು, ದೀಕ್ಷಾಸ್ನಾನ ಕೊಡೋನು ಪೇತ್ರನೇ ಆಗ್ಲಿ ಯೇಸುವನ್ನ ಹಿಡಿದುಕೊಟ್ಟ ಯೂದನೇ ಆಗ್ಲಿ, ಕೊಡ್ತಿರೋನು ಕ್ರಿಸ್ತ. ಹಂಗಾಗಿ ಫಾದರ್ ಕೆಟ್ಟವ್ರಾದ್ರೂ ಸಂಸ್ಕಾರ ಕೆಡಲ್ಲ.

"ಅದು ಸಂಸ್ಕಾರ ತಗೊಂಡವ್ರಿಗೆ ಸಮಾಧಾನ. ಆ ಫಾದರ್ ಕೈಲಿ ನೋವು ತಿಂದವ್ರಿಗೆ?" ಅಂದೆ.

ಮೇಷ್ಟ್ರು ಸ್ವಲ್ಪ ಹೊತ್ತು ಮಳೆ ಕಡೆ ನೋಡಿ, "ಅವ್ರಿಗೆ ದೈವಶಾಸ್ತ್ರ ಹೇಳಬಾರ್ದು. ಪೊಲೀಸ್ ಕಂಪ್ಲೇಂಟ್ ಕೊಡ್ಸಬೇಕು" ಅಂದ್ರು. ಇಡೀ ಮಾತುಕತೇಲಿ ಅವ್ರ ಮೇಲೆ ನಂಗೆ ಗೌರವ ಬಂದಿದ್ದು ಈ ಮಾತಿಗೇ ಹೆಚ್ಚು.

ಜೀಪು ಬಂತು. ರಾತ್ರಿ ಪಂದಿ ಕರಿ ಕಡಂಬಿಟ್ಟು ಚೆನ್ನಾಗಿತ್ತು, ಅಷ್ಟಕ್ಕೆ ಹೋಮ್‌ಸ್ಟೇನ ಕ್ಷಮಿಸೋ ಮನಸ್ಸಿಲ್ಲ.

ವಾಪಸ್ ಬರೋವಾಗ ಮಡಿಕೇರಿ ಕೋಟೆ ಒಳಗಿನ ಮ್ಯೂಸಿಯಂಗೆ ಹೋದ್ವಿ, ಬ್ರಿಟಿಷರ ಕಾಲದ ಸೇಂಟ್ ಮಾರ್ಕ್ಸ್ ಆಂಗ್ಲಿಕನ್, ಅಂದ್ರೆ ಇಂಗ್ಲೆಂಡಿನ ಚರ್ಚಿಗೆ ಸೇರಿದ್ದ, ಚರ್ಚು ಅದು. ಎಂಟನೇ ಹೆನ್ರಿ 1534ರಲ್ಲಿ ಪೋಪನ್ನ ಬಿಟ್ಟು ಇಂಗ್ಲೆಂಡಿನ ಚರ್ಚಿಗೆ ತಾನೇ ಮುಖ್ಯಸ್ಥ ಅಂತ ಕಾನೂನು ಮಾಡಿಸ್ಕೊಂಡಿದ್ದನ್ನ ಹೇಳ್ದೆ. ಭಾವ, "ಹಂಗಾದ್ರೆ ನಿಮ್ ಮೇಷ್ಟ್ರು ಗೆದ್ರು ಬಿಡು, ರಾಜ್ರು ಊರು ಬಿಟ್ರು, ಚರ್ಚು ಮ್ಯೂಸಿಯಂ ಆಯ್ತು" ಅಂದ್ರು. ಅಷ್ಟು ಸುಲಭ ಅಲ್ಲ. 1947ರಲ್ಲಿ ದಕ್ಷಿಣ ಭಾರತದ ಆಂಗ್ಲಿಕನ್ನರು ಬೇರೆ ಪ್ರೊಟೆಸ್ಟೆಂಟ್ ಸಭೆಗಳ ಜೊತೆ ಸೇರಿ ಸಿಎಸ್ಐ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ, ಮಾಡ್ಕೊಂಡ್ರು, ಅವ್ರಿಗೂ ಬಿಷಪ್ಪುಗಳಿದ್ದಾರೆ, ರಾಜಾನೂ ಇಲ್ಲ ಪೋಪೂ ಇಲ್ಲ, ಹೆಂಗಸರೂ ಪಾದ್ರಿಗಳಾಗ್ತಾರೆ. ಮುಂದಿನ ಸಲ ಹೋದಾಗ ಅವ್ರಲ್ಲಿ ಯಾರನ್ನಾದ್ರೂ ಹಿಡ್ಕೊಂಡು ಕೇಳ್ಬೇಕು, ನಿಮ್ ಪ್ರಕಾರ ಬೀಗದ ಕೈ ಯಾರ ಹತ್ರ ಇದೆ ಅಂತ.