ಈಜು ಬರುತ್ತಾ?

ಶನಿವಾರ ಮಧ್ಯಾಹ್ನ, ಹಳೆಯ ದೋಣಿ ಮಾರುತ್ತಿದ್ದ ಒಬ್ಬ ಅಜ್ಜ ನನ್ನನ್ನು ಒಂದು ಪ್ರಶ್ನೆ ಕೇಳಿದ. ಇವತ್ತು ಶುಕ್ರವಾರ. ಅದಿನ್ನೂ ತಲೆಯಿಂದ ಇಳಿದಿಲ್ಲ.

"ಈಜು ಬರುತ್ತಾ?"

ನಾನು ಕೊಟ್ಟ ಉತ್ತರ: "ನಮ್ಮಪ್ಪ ಮೀನುಗಾರ."

ಅಜ್ಜ ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ದೋಣಿಯ ಕಡೆ ತಿರುಗಿ ಎಂಜಿನ್ ಸರ್ವೀಸ್ ಯಾವಾಗ ಮಾಡಿಸಿದ್ದು ಎಂದು ಹೇಳತೊಡಗಿದ. ನಡೆದದ್ದು ಇಷ್ಟೇ. ಇಷ್ಟಕ್ಕೇ ವಾರವಿಡೀ ಕುದಿಯುತ್ತಿದ್ದೇನೆ.

ಬ್ರಿಸ್ಬೇನ್‌ಗೆ ಬಂದು ಹನ್ನೊಂದು ವರ್ಷವಾಯಿತು. ದೋಣಿಯ ಹುಚ್ಚು ಹಿಡಿದು ಮೂರು ವರ್ಷ. ಕಾರಣ ಅಂಜಲ್. ಇಲ್ಲಿ ಅದಕ್ಕೆ ಸ್ಪ್ಯಾನಿಷ್ ಮ್ಯಾಕರೆಲ್ ಅನ್ನುತ್ತಾರೆ. ಅಂಜಲ್ ಥರದ ಮೀನಲ್ಲ, ಅಂಜಲೇ. ನಮ್ಮ ಗಂಗೊಳ್ಳಿ ಬಂದರಿನಲ್ಲಿ ಹರಾಜಾಗುವ ಅದೇ ಜಾತಿ. ಮಾರುಕಟ್ಟೆಯಲ್ಲಿ ತುಂಡು ಮಾಡಿ ಐಸ್ ಮೇಲೆ ಇಟ್ಟದ್ದನ್ನು ನೋಡಿದಾಗಲೆಲ್ಲ ಇದನ್ನು ನಾನೇ ಹಿಡಿಯಬೇಕು ಅನ್ನಿಸುತ್ತದೆ. ಕ್ವೀನ್ಸ್‌ಲ್ಯಾಂಡಿನಲ್ಲಿ ಹವ್ಯಾಸಕ್ಕೆ ಹಿಡಿಯುವವರಿಗೆ ತಲೆಗೆ ಒಂದೇ ಅಂಜಲ್. ದೋಣಿಯಲ್ಲಿ ಎಷ್ಟೇ ಜನರಿದ್ದರೂ ಎರಡಕ್ಕಿಂತ ಜಾಸ್ತಿ ಇಲ್ಲ. ಅದೂ 75 ಸೆಂಟಿಮೀಟರ್ ದಾಟಿರಬೇಕು. ಇದನ್ನು ಫೋನಿನಲ್ಲಿ ಹೇಳಿದಾಗ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ಒಂದ್ ಮೀನಿಗ್ ಒಂದ್ ದೋಣಿಯಾ?"

ಹೌದು, ಒಂದು ಮೀನಿಗೆ ಒಂದು ದೋಣಿ. ಹೊಸದು ನಮ್ಮ ಕೈಗೆ ಎಟುಕುವುದಿಲ್ಲ. ಹಾಗಾಗಿ ಹಳೆಯದು. ಹಳೆಯದರಲ್ಲೂ ಡೀಪ್ ವೀ, ಹಾಫ್ ಕ್ಯಾಬಿನ್. ಅಂದರೆ ಅಡಿ ಚೂಪಾಗಿರಬೇಕು, ಮುಂದಿನ ಅರ್ಧ ಮುಚ್ಚಿರಬೇಕು. ಇದು ಪಕ್ಕದ ಮನೆಯ ಪ್ಲಂಬರನ ಹಟ. ಅವನು ಮೂವತ್ತು ವರ್ಷ ಕಡಲಿಗೆ ಹೋದವನು. ತನ್ನ ದೋಣಿ ಮಾರಿ ಬೇಸರದಲ್ಲಿದ್ದಾನೆ. ನನ್ನ ದುಡ್ಡಲ್ಲಿ ಮತ್ತೆ ಕಡಲಿಗೆ ಹೋಗುವ ಲೆಕ್ಕ ಅವನದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು. ಆದರೆ ಅವನಷ್ಟು ತಾಳ್ಮೆಯಿಂದ ನನಗೆ ಯಾರೂ ಏನನ್ನೂ ಕಲಿಸಿಲ್ಲ.

ದೋಣಿಯ ಹಿಂದೆ ನಿಂತು ಬಗ್ಗಿ ನೋಡಬೇಕು. ನಡುವಿನ ಬೆನ್ನಿನಿಂದ ಅಡಿ ಎರಡೂ ಕಡೆಗೆ ಮೇಲೇರುತ್ತಾ ಹೋಗುತ್ತದೆ. ಹಿಂಬದಿಯಲ್ಲೂ ಆ ಏರು 20 ಡಿಗ್ರಿ ದಾಟಿದ್ದರೆ ಅದು ಡೀಪ್ ವೀ. ಅಮೆರಿಕದ ರೇಮಂಡ್ ಹಂಟ್ ಎಂಬಾತ ಬರೆದ ಆಕಾರ ಇದು. 1960ರಲ್ಲಿ ಮಯಾಮಿಯಿಂದ ನಸಾವ್‌ಗೆ ನಡೆದ ರೇಸಿನಲ್ಲಿ ಈ ಆಕಾರದ 'ಮಾಪಿ' ಎಂಬ ದೋಣಿ ಕೆಟ್ಟ ಕಡಲನ್ನು ಸೀಳಿಕೊಂಡು ಗೆದ್ದಿತು. ಅಲ್ಲಿಂದ ಶುರುವಾದ ಹುಚ್ಚು. ಚಪ್ಪಟೆ ಅಡಿಯ ದೋಣಿ ಅಲೆಯಿಂದ ಅಲೆಗೆ ಬೀಳುವಾಗ ಹಲ್ಲು ಉದುರುವ ಹಾಗೆ ಬಡಿಯುತ್ತದೆ. ಇದು ಕೊಡಲಿ ಇಳಿದ ಹಾಗೆ ನೀರಿಗೆ ಇಳಿಯುತ್ತದೆ.

ಸುಮ್ನೆ ಏನೂ ಸಿಗುವುದಿಲ್ಲ, ಅಲ್ವಾ? ಓಡುವಾಗ ಮೆತ್ತಗಿರುವ ಇದೇ ದೋಣಿ, ನಿಲ್ಲಿಸಿ ಗಾಳ ಹಾಕಿದ ಕೂಡಲೇ ತೊಟ್ಟಿಲಾಗುತ್ತದೆ. ಇಬ್ಬರು ಒಂದೇ ಕಡೆ ನಿಂತರೆ ಆ ಕಡೆಗೆ ವಾಲುತ್ತದೆ. ನೀರಿನ ಮೇಲೆ ಎದ್ದು ಓಡಲು ಜಾಸ್ತಿ ಕುದುರೆಶಕ್ತಿ ಬೇಕು, ಪೆಟ್ರೋಲೂ ಜಾಸ್ತಿ. ಆದರೂ ಪ್ಲಂಬರ್ ಬೇರೆ ಮಾತು ಕೇಳುವುದಿಲ್ಲ. "ನೀನು ವಾಂತಿ ಮಾಡಿಕೊಳ್ಳೋದು ನಿಂತಾಗ. ಬೆನ್ನು ಮುರಿಯೋದು ವಾಪಸ್ ಬರುವಾಗ. ಯಾವುದು ಬೇಕು?"

ಶನಿವಾರ ಮೂರು ದೋಣಿ ನೋಡಿದೆವು.

ಮೊದಲನೆಯದರ ಕಂಪನಿಯ ಹೆಸರು ಬೇಡ. ಫೋಟೋದಲ್ಲಿ ಮದುಮಗಳ ಹಾಗಿತ್ತು. ಹೊಸ ಬಣ್ಣ, ಹೊಸ ಸೀಟು, ದೊಡ್ಡ ಪರದೆಯ ಫಿಶ್ ಫೈಂಡರ್. ಪ್ಲಂಬರ್ ಅದ್ಯಾವುದನ್ನೂ ನೋಡಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಟ್ರಾನ್ಸಮ್ ಬಡಿಯುತ್ತಾ ಬಂದ. ಟ್ರಾನ್ಸಮ್ ಅಂದರೆ ಎಂಜಿನ್ ನೇತುಹಾಕುವ ಹಿಂಬದಿಯ ಗೋಡೆ. ಹಳೆಯ ದೋಣಿಗಳಲ್ಲಿ ಅದು ಫೈಬರ್ ಒಳಗೆ ಮುಚ್ಚಿದ ಪ್ಲೈವುಡ್. ಬೋಲ್ಟಿನ ತೂತಿನಲ್ಲಿ ಒಂದೇ ಒಂದು ಸಲ ನೀರು ಹೊಕ್ಕರೆ ಸಾಕು, ಒಳಗೊಳಗೇ ಕೊಳೆಯುತ್ತದೆ. ಟಕ್, ಟಕ್, ಟಕ್, ದಬ್. ನನ್ನಮ್ಮ ಹಲಸಿನಕಾಯಿ ಬಡಿದು ನೋಡುವುದು ಹೀಗೆಯೇ. ಹಲಸಿನಲ್ಲಿ ದಬ್ ಅಂದರೆ ಖುಷಿ, ಇಲ್ಲಿ ಅಳು. ಪ್ಲಂಬರ್ ಎಂಜಿನಿನ ಕಾಲನ್ನು ಎತ್ತಿ ಹಿಡಿದು ಮೇಲೆ ಕೆಳಗೆ ಆಡಿಸಿದ. ಜೊತೆಗೆ ಇಡೀ ಗೋಡೆಯೇ ಉಸಿರಾಡಿತು. ಮಾರುವವನು ಫೋನ್ ನೋಡುತ್ತಾ ನಿಂತಿದ್ದ. ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಬಣ್ಣ ಬಳಿದಿದ್ದ. ಇಂಥವನು ನನಗೆ ಈಜು ಬರುತ್ತಾ ಎಂದು ಕೇಳಲೇ ಇಲ್ಲ ನೋಡಿ.

ಎರಡನೆಯದು ತೊಂಬತ್ತರ ದಶಕದ್ದು. ಅಗಲ ಜಾಸ್ತಿ, ಅಡಿ ಅಷ್ಟು ಚೂಪಲ್ಲ. ನಿಂತಾಗ ತೂಗುವುದು ಕಡಿಮೆ. ನನಗೆ ಇಷ್ಟವಾಯಿತು. ಹಿಂದೆ ಹೊಸ 150ರ ಫೋರ್ ಸ್ಟ್ರೋಕ್ ಎಂಜಿನ್ ಇತ್ತು. ತೊಂದರೆ ಅದೇ. ಈಗಿನ 150 ಕುದುರೆಶಕ್ತಿಯ ಫೋರ್ ಸ್ಟ್ರೋಕ್ 200 ಕೆ.ಜಿ. ಮೀರುತ್ತದೆ. ಈ ದೋಣಿ ಮಾಡಿದ ಕಾಲದಲ್ಲಿ ಅದಕ್ಕಿಂತ ಹಗುರದ ಟು ಸ್ಟ್ರೋಕ್ ಹಾಕುತ್ತಿದ್ದರು. ಹಿಂಭಾಗ ಭಾರವಾದರೆ ನೀರು ಹೊರಹೋಗುವ ತೂತಿನಿಂದಲೇ ನೀರು ಒಳಗೆ ಬರುತ್ತದೆ. ಮಾಲೀಕ ಆ ತೂತುಗಳಿಗೆ ಬಿರಡೆ ಹಾಕಿಟ್ಟಿದ್ದ. ಪ್ಲಂಬರ್ ಬಿರಡೆಯನ್ನು ಬೆರಳಲ್ಲಿ ತೋರಿಸಿ ನನ್ನ ಕಡೆ ಹುಬ್ಬು ಹಾರಿಸಿದ. ಮುಗಿಯಿತು.

ಮೂರನೆಯದು ವಿನಮ್ ಕಡೆ, ಒಂದು ಮನೆಯ ಹಿತ್ತಿಲಲ್ಲಿ. ಹೇನ್ಸ್ ಹಂಟರ್ ವಿ19. ಇದೇ ಬ್ರಿಸ್ಬೇನಿನಲ್ಲಿ ದೋಣಿ ರೇಸ್ ಓಡಿಸುತ್ತಿದ್ದ ಜಾನ್ ಹೇನ್ಸ್ ಕಟ್ಟಿದ ಕಂಪನಿ. ಎಪ್ಪತ್ತರ ದಶಕದ ದೋಣಿ. ನನಗಿಂತ ಹಿರಿದು. ಪ್ಲಂಬರ್ ಟಾರ್ಪಾಲ್ ಎತ್ತಿದವನು ಟೋಪಿ ತೆಗೆದ. ನಿಜವಾಗಿ ತೆಗೆದ, ಚರ್ಚಿನಲ್ಲಿ ತೆಗೆಯುವ ಹಾಗೆ. ಮುಂದಿನ ಅರ್ಧ ಮುಚ್ಚಿದ ಗೂಡು, ಒಳಗೆ ಇಬ್ಬರು ಕಾಲು ಮಡಚಿ ಮಲಗುವಷ್ಟು ಜಾಗ. ಹಿಂದೆ ಮೀನು ಹಿಡಿಯಲು ತೆರೆದ ಅಂಗಳ. ಬಣ್ಣ ಮಾಸಿತ್ತು. ಕಿಟಕಿಯ ಅಕ್ರಿಲಿಕ್ ಹಳದಿಯಾಗಿತ್ತು. ಆದರೆ ಸ್ಕ್ರೂಡ್ರೈವರ್ ಬಡಿದಲ್ಲೆಲ್ಲಾ ಟಕ್. ಅಜ್ಜ ಹತ್ತು ವರ್ಷದ ಹಿಂದೆ ಟ್ರಾನ್ಸಮ್ ಬಿಚ್ಚಿ, ನೆಲ ಕಿತ್ತು, ಪೆಟ್ರೋಲ್ ಟ್ಯಾಂಕ್ ಬದಲಿಸಿ ತಾನೇ ಕೂರಿಸಿದ್ದನಂತೆ. ಪ್ರತಿ ಹಂತದ ಫೋಟೋ ಇತ್ತು, ಬಿಲ್ಲಿನ ಜೊತೆಗೆ, ಬಿಸ್ಕತ್ ಡಬ್ಬಿಯಲ್ಲಿ.

ನಾನು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಸ್ಟೇರಿಂಗ್ ತೋರಿಸಿದೆ, ಗೂಡು ತೋರಿಸಿದೆ. ಅಪ್ಪ ಒಂದೇ ಮಾತು: "ಅಡಿ ತೋರ್ಸ್." ಟ್ರೈಲರ್ ಕೆಳಗೆ ಅಂಗಾತ ಮಲಗಿ ಅಡಿ ತೋರಿಸಿದೆ. ಚೂಪು ಬೆನ್ನು, ಉದ್ದಕ್ಕೂ ಪಕ್ಕೆಲುಬಿನ ಹಾಗೆ ಓಡುವ ಏಣುಗಳು. ಅಪ್ಪ ತುಂಬಾ ಹೊತ್ತು ನೋಡಿದರು. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. "ಹಿಡ್ಕಂಬುಕೆ ಜಾಗ ಇತ್" ಅಂದರು.

ಮೇಲೆದ್ದು ಬೆನ್ನಿನ ಹುಲ್ಲು ಕೊಡವಿಕೊಳ್ಳುತ್ತಿದ್ದೆ. ಅಜ್ಜ ಕೇಳಿದ್ದು ಆಗಲೇ. "ಈಜು ಬರುತ್ತಾ?"

ಪ್ಲಂಬರ್ ನನ್ನ ಪಕ್ಕದಲ್ಲೇ ಇದ್ದ. ಅವನನ್ನು ಕೇಳಲಿಲ್ಲ. ನನ್ನನ್ನು ಮಾತ್ರ ಕೇಳಿದ. ಕುದಿ ಶುರುವಾದದ್ದು ಅಲ್ಲಿಂದ. ಇಂಗ್ಲಿಷಿನಲ್ಲಿ ಒಂದೇ 'ಯು'. ಅದನ್ನು ನಾವು ನಮ್ಮ ನಮ್ಮ ಸಿಟ್ಟಿಗೆ ತಕ್ಕಂತೆ ಕನ್ನಡ ಮಾಡಿಕೊಳ್ಳುತ್ತೇವೆ. ವಾಪಸ್ ಬರುವಾಗ ಕಾರಿನಲ್ಲಿ ಅದು ನನಗೆ "ನಿನಗೆ ಈಜು ಬರುತ್ತೇನೋ?" ಎಂದು ಕೇಳಿಸುತ್ತಿತ್ತು. ನಿನ್ನಂಥವನಿಗೆ, ನಿನ್ನ ಬಣ್ಣದವನಿಗೆ. ಪ್ಲಂಬರನಿಗೆ ಹೇಳಿದೆ. ಅವನು ಭುಜ ಕುಣಿಸಿದ. "ಹೊರಗೆ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಬಿದ್ದರೆ ಈಜಿ ಎಲ್ಲಿಗೆ ಹೋಗ್ತೀಯಾ? ಲೈಫ್ ಜಾಕೆಟ್ ಹಾಕಿಕೋ, ದೋಣಿ ಬಿಡಬೇಡ, ಎಪರ್ಬ್ ಒತ್ತು." ಎಪರ್ಬ್ ಅಂದರೆ ಒತ್ತಿದ ಕೂಡಲೇ ಉಪಗ್ರಹದ ಮೂಲಕ ನಾವು ಎಲ್ಲಿದ್ದೇವೆಂದು ಕೂಗಿ ಹೇಳುವ ಡಬ್ಬಿ. ದಡದಿಂದ ಎರಡು ನಾಟಿಕಲ್ ಮೈಲಿ ದಾಟಿದರೆ ಇಲ್ಲಿ ಅದು ಕಡ್ಡಾಯ. ಅವನು ಹೇಳಿದ್ದು ಸರಿ. ಆದರೆ ನನ್ನ ಪ್ರಶ್ನೆಗೆ ಅದು ಉತ್ತರವಲ್ಲ.

ಹೆಂಡತಿಗೆ ಹೇಳಿದೆ. ಅವಳು ಮೈಸೂರಿನವಳು. ಕಡಲೆಂದರೆ ಅವಳಿಗೆ ವರ್ಷಕ್ಕೊಮ್ಮೆ ಫೋಟೋ ತೆಗೆಸಿಕೊಳ್ಳುವ ಜಾಗ. ಪಾತ್ರೆ ಒರೆಸುತ್ತಾ ಕೇಳಿದಳು, "ಬರಲ್ಲ ತಾನೇ ನಿಮಗೆ?"

ಬರುವುದಿಲ್ಲ. ಇಲ್ಲಿಯವರೆಗೆ ಬರೆಯದೇ ಬಂದದ್ದು ಇದನ್ನೇ.

ಗಂಗೊಳ್ಳಿಯಲ್ಲಿ ಹುಟ್ಟಿದವನಿಗೆ, ಐದು ನದಿ ಬಂದು ಸೇರುವ ಊರಿನವನಿಗೆ ಈಜು ಬರುವುದಿಲ್ಲ. ಅಪ್ಪ ಬಿಡಲಿಲ್ಲ. ಹೊಳೆಗೆ ಇಳಿದದ್ದು ಗೊತ್ತಾದರೆ ಹೊಡೆಯುತ್ತಿದ್ದರು. ಓದು, ಬೆಂಗಳೂರಿಗೆ ಹೋಗು, ಈ ಕೆಲಸ ಬೇಡ. ನಾನು ಓದಿದೆ, ಬೆಂಗಳೂರಿಗೆ ಹೋದೆ, ಲೆಕ್ಕಪತ್ರ ನೋಡುತ್ತಾ ಇಲ್ಲಿಯವರೆಗೆ ಬಂದೆ. ಹೋದಲ್ಲೆಲ್ಲಾ "ನಾವು ಕಡಲ ಬದಿಯವರು" ಎಂದು ಹೇಳಿಕೊಂಡೆ. ಆಫೀಸಿನಲ್ಲಿ ನಾನು ಮೀನಿನ ಎಕ್ಸ್‌ಪರ್ಟ್. ನಿಜ ಹೇಳಬೇಕೆಂದರೆ ಅಪ್ಪನ ದೋಣಿಯಲ್ಲಿ ನಾನು ಕುಳಿತದ್ದು ಎರಡೇ ಸಲ.

ಬುಧವಾರ ಅಪ್ಪನಿಗೆ ಅಜ್ಜನ ಪ್ರಶ್ನೆ ಹೇಳಿದೆ. ಅಪ್ಪನಿಗೂ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. "ನಂಗೇ ಬತ್ತಿಲ್ಲೆ" ಅಂದರು. ನಲವತ್ತು ವರ್ಷ ಕಡಲಿಗೆ ಹೋದವರು! ಹೊಳೆಯಲ್ಲಿ ಕೈಕಾಲು ಬಡಿಯುವಷ್ಟು ಗೊತ್ತಂತೆ. ನಾನು ನಂಬಲಿಲ್ಲ. ಆಗ ಅವರು ನಾನು ಎಂದೂ ಕೇಳಿರದ ಒಂದು ಕಥೆ ಹೇಳಿದರು. ನಾನು ಹುಟ್ಟುವ ಮೊದಲಿನದು. ಮಳೆಗಾಲ ಕಳೆಯುವ ಹೊತ್ತು. ಅಳಿವೆ ಬಾಯಲ್ಲಿ ದೋಣಿ ಮಗುಚಿತು. ನಾಲ್ಕು ಜನ. ಮೂವರು ಮಗುಚಿದ ದೋಣಿಯ ಬೆನ್ನು ಹಿಡಿದುಕೊಂಡರು. ಈಜು ಬರುವವನೊಬ್ಬ ದಡ ಹತ್ತಿರವೇ ಇದೆ ಎಂದು ಹೊರಟ. ದೋಣಿ ಹಿಡಿದವರನ್ನು ಬೇರೆ ದೋಣಿಯವರು ಎತ್ತಿಕೊಂಡರು.

"ಈಜು ಬಂದ್ರೆ ದೋಣಿ ಬಿಟ್ ಹಾರುಕೆ ಮನ್ಸ್ ಆತ್ತ್" ಅಂದರು. ಮತ್ತೆ ಊರಿನ ಮಳೆಯ ವಿಷಯ ಶುರು ಮಾಡಿದರು.

ಅಡಿ ತೋರ್ಸ್ ಅಂದದ್ದು ಯಾಕೆಂದು ಆಮೇಲೆ ಹೊಳೆಯಿತು. ನಾನು ಅಂಗಾತ ಮಲಗಿ ಏಣು ಎಷ್ಟು, ಡಿಗ್ರಿ ಎಷ್ಟು ಎಂದು ನೋಡುತ್ತಿದ್ದೆ. ಅವರು ನೋಡುತ್ತಿದ್ದದ್ದು ಮಗುಚಿದ ದೋಣಿಯನ್ನು.

ಇಲ್ಲೂ ಒಂದು ಅಳಿವೆ ಇದೆ. ಮೋರ್ಟನ್ ದ್ವೀಪಕ್ಕೂ ನಾರ್ತ್ ಸ್ಟ್ರಾಡ್‌ಬ್ರೋಕ್ ದ್ವೀಪಕ್ಕೂ ನಡುವೆ, ಸೌತ್ ಪ್ಯಾಸೇಜ್. ಇಲ್ಲಿಂದ ಹೊರಗಿನ ಕಡಲಿಗೆ ಹೋಗುವ ಹಲವರು ದಾಟುವುದು ಅದನ್ನೇ. ಕೆಳಗೆ ಮರಳಿನ ದಿಣ್ಣೆ, ಮೇಲೆ ಒಡೆಯುವ ಅಲೆ. ದಿಣ್ಣೆ ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ಹೋಗುವ ಮೊದಲು ರೇಡಿಯೋದಲ್ಲಿ ಮರೀನ್ ರೆಸ್ಕ್ಯೂ ಸ್ವಯಂಸೇವಕರಿಗೆ ಎಷ್ಟು ಜನ, ಎಲ್ಲಿಗೆ, ವಾಪಸ್ ಎಷ್ಟು ಗಂಟೆಗೆ ಎಂದು ಹೇಳಿ ಹೋಗಬೇಕು. ಒಳಗೆ ಬರುವಾಗ ಅಲೆಯ ಬೆನ್ನ ಮೇಲೆ ಕುಳಿತ ಹಾಗೆ ಬರಬೇಕು. ಅದನ್ನು ಮೀರಿ ಮುಂದೆ ಹೋದರೆ ಮೂತಿ ಹೂತುಹೋಗುತ್ತದೆ, ದೋಣಿ ತಿರುಗುತ್ತದೆ. ಪ್ಲಂಬರ್ ಇದನ್ನೆಲ್ಲಾ ಮೂರು ವರ್ಷದಿಂದ ಹೇಳುತ್ತಿದ್ದಾನೆ. ನಾನು ತಲೆಯಾಡಿಸುತ್ತಾ ದೋಣಿಗಳ ಫೋಟೋ ನೋಡುತ್ತಿದ್ದೆ.

2024ರ ಜನವರಿಯಲ್ಲಿ ವಿಕ್ಟೋರಿಯಾದ ಫಿಲಿಪ್ ಐಲ್ಯಾಂಡಿನಲ್ಲಿ ನಮ್ಮ ದೇಶದ ಮೂಲದ ನಾಲ್ಕು ಜನ ಒಂದೇ ಮಧ್ಯಾಹ್ನ ಮುಳುಗಿ ಸತ್ತರು. ಇಲ್ಲಿಯ ಟಿವಿಯಲ್ಲಿ ದಿನಗಟ್ಟಲೆ ಬಂತು. ಅಜ್ಜನೂ ನೋಡಿರಬೇಕು. ಹಾಗಾದರೆ ಅವನು ನನ್ನ ಬಣ್ಣ ನೋಡಿಯೇ ಕೇಳಿದ. ಬಣ್ಣ ನೋಡಿ ಕೇಳಿದ್ದಕ್ಕೆ ಸಿಟ್ಟು ಬರಬೇಕೋ, ನಾನು ಸಾಯಬಾರದು ಎಂದು ಕೇಳಿದ್ದಕ್ಕೆ ಕರಗಬೇಕೋ? ಎರಡೂ ಒಟ್ಟಿಗೇ ಆಗುತ್ತಿದೆ. ಸಿಟ್ಟು ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ. ಪ್ಲಂಬರನನ್ನೂ ಒಂದು ಮಾತು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಆದರೆ ನಾನು ಕೊಟ್ಟ ಉತ್ತರವನ್ನು ಈಗ ನೆನೆದರೆ ಮೈ ಮುದುಡುತ್ತದೆ. ನಮ್ಮಪ್ಪ ಮೀನುಗಾರ. ಡ್ರೈವಿಂಗ್ ಲೈಸೆನ್ಸ್ ಕೇಳಿದ ಪೊಲೀಸಿಗೆ ನಮ್ಮಪ್ಪ ಬಸ್ ಓಡಿಸ್ತಾರೆ ಅಂದ ಹಾಗೆ.

ನಿನ್ನೆ ರಾತ್ರಿ ಅಜ್ಜನ ಮೆಸೇಜ್ ಬಂತು. ಅವನ ಹಿತ್ತಿಲಲ್ಲಿ ದೋಣಿಯ ಪಕ್ಕದಲ್ಲೇ ಒಂದು ಸಣ್ಣ ಈಜುಕೊಳ ಇತ್ತು, ಎಲೆ ತೇಲುತ್ತಿತ್ತು. ಹೇಳಲು ಮರೆತಿದ್ದೆ.

"ದೋಣಿ ಇನ್ನೂ ಇದೆ. ಇನ್ನೊಬ್ಬ ಕೇಳಿದ, ಕೊಟ್ಟಿಲ್ಲ. ಭಾನುವಾರ ಬಾ. ಟವೆಲ್ ತಗೊಂಡು ಬಾ."

ಟವೆಲ್ ಯಾಕೆ ಎಂದು ಹೆಂಡತಿ ಕೇಳಿದಳು. ಅವಳಿಗೂ ಉತ್ತರ ಕೊಟ್ಟಿಲ್ಲ, ಅಜ್ಜನಿಗೂ ಕೊಟ್ಟಿಲ್ಲ.