ಬುಡ ಸಡಿಲ, ತುದಿ ಬಿಗಿ

ಶಾಲೆಗೆ ಎರಡು ಜಡೆ ಹೆಣೆಯುವಾಗ ಬಿಗಿ ಇರಬೇಕಾದದ್ದು ಕಿವಿಯ ಕೆಳಗೆ, ನೆತ್ತಿಯಲ್ಲಲ್ಲ. ಮೊದಲ ಎರಡು ಹೆಣಿಗೆ ಸಡಿಲ ಬಿಡಿ, ಆಮೇಲೆ ಬಿಗಿ ಮಾಡುತ್ತಾ ಹೋಗಿ. ಹೆಣೆದ ಮೇಲೆ ಮಗುವಿಗೆ ಹುಬ್ಬು ಎತ್ತಲು ಹೇಳಿ. ಹಣೆ ಜಗ್ಗಿದಂತಾಗುತ್ತದೆ ಎಂದರೆ ಬಿಚ್ಚಿ ಮತ್ತೆ ಹಾಕಿ. ದಿನಾ ಎಳೆತ ಬಿದ್ದರೆ ಹಣೆಯಂಚು, ಕಿವಿ ಮೇಲಿನ ಎಳೆಗೂದಲು ಬುಡದಿಂದಲೇ ಉದುರುತ್ತದೆ, ವರ್ಷಗಟ್ಟಲೆ ಹಾಗೇ ಆದರೆ ಅಲ್ಲಿ ಮತ್ತೆ ಹುಟ್ಟದೆಯೂ ಹೋಗಬಹುದು. ಬೈತಲೆಯನ್ನೂ ಆಗಾಗ ಒಂದು ಬೆರಳಷ್ಟು ಸರಿಸಿ.

ಸಿಕ್ಕು ಬಿಡಿಸುವುದು ಯಾವಾಗಲೂ ತುದಿಯಿಂದ. ಸಿಕ್ಕಿನ ಮೇಲ್ಭಾಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಗಲ ಹಲ್ಲಿನ ಬಾಚಣಿಗೆ ಹಾಕಿದರೆ ಎಳೆತ ಬುಡಕ್ಕೆ ತಲುಪುವುದಿಲ್ಲ, ಮಗು ಅಳುವುದೂ ಇಲ್ಲ. ಗುಂಗುರು ಕೂದಲಿದ್ದರೆ ಸ್ವಲ್ಪ ನೀರೋ ಎರಡು ಹನಿ ಎಣ್ಣೆಯೋ ಸವರಿ ಬಾಚಿ. ಒದ್ದೆ ಕೂದಲನ್ನು ಮಾತ್ರ ಹೆಣೆಯಬೇಡಿ. ನೆನೆದ ಕೂದಲು ಹಿಗ್ಗಿ ಬೇಗ ತುಂಡಾಗುತ್ತದೆ, ಒಳಗೆ ಆರದೆ ಮುಗ್ಗಲು ವಾಸನೆ ಬರುತ್ತದೆ. ತಲೆಸ್ನಾನ ಹಿಂದಿನ ಸಂಜೆಯೇ ಆಗಲಿ.

ಬರೀ ರಬ್ಬರ್ ಬ್ಯಾಂಡ್ ಕೂದಲನ್ನು ಕಿತ್ತುಕೊಂಡೇ ಬರುತ್ತದೆ, ಬಟ್ಟೆ ಸುತ್ತಿದ್ದು ಸಾಕು. ತರಗತಿಯಲ್ಲಿ ಹೇನಿನ ಕಾಟ ಇದ್ದಾಗ ಜಡೆ ಮಡಚಿ ರಿಬ್ಬನ್ ಕಟ್ಟಿ. ಕೂದಲಿಗೆ ಕೂದಲು ತಾಗುವುದು ಕಡಿಮೆಯಾಗುತ್ತದೆ.

ಮೂರು ನಾಲ್ಕು ವರ್ಷದ ಮಕ್ಕಳಿಗೆ ಕತ್ತಿನ ಮಟ್ಟದ ಕಟಿಂಗೇ ಚೆಂದ. ಜಡೆಯ ಆಸೆ ಎಷ್ಟೋ ಸಲ ಮಗುವಿನದಲ್ಲ, ನಮ್ಮದು. ಅವಳನ್ನೇ ಒಮ್ಮೆ ಕೇಳಿ ನೋಡಿ.