ಸೋಲಾರ್ ಸೈಟಿಗೆ ಹೆಣ್ಣುಮಕ್ಕಳನ್ನು ಕಳಿಸುವ ಮುಂಚೆ

ಬೆಂಗಳೂರಿನ ಯಾವುದಾದರೂ ಸೋಲಾರ್ ಕಂಪನಿಯ ಆಫೀಸಿಗೆ ಹೋಗಿ ನೋಡಿ. ಡಿಸೈನ್, ಟೆಂಡರ್, ಅಕೌಂಟ್ಸ್, ಎಲ್ಲ ಕಡೆ ಹೆಣ್ಣುಮಕ್ಕಳಿರುತ್ತಾರೆ. ಅದೇ ಕಂಪನಿಯ ಪೀಣ್ಯದ ಸೈಟಿಗೆ ಬಂದರೆ ಶೆಡ್ಡಿನ ಮೇಲೆ ಒಬ್ಬರೂ ಕಾಣುವುದು ಕಷ್ಟ. ಕಾರ್ಖಾನೆಗಳ ಛಾವಣಿಗೆ ಸೋಲಾರ್ ಹಾಕಿಸುವ ಪ್ರಾಜೆಕ್ಟ್ ಮ್ಯಾನೇಜರ್ ನಾನು. ಈ ಅಂತರವನ್ನು ದಿನಾ ನೋಡುತ್ತೇನೆ. ಭಾರತದ ಛಾವಣಿ ಸೋಲಾರ್ ಕೆಲಸಗಾರರಲ್ಲಿ ಮಹಿಳೆಯರು ಸುಮಾರು ಶೇ 11 ಮಾತ್ರ ಎಂದು 2019ರಲ್ಲಿ ದೆಹಲಿಯ ಸಂಶೋಧನಾ ಸಂಸ್ಥೆ ಸಿಇಇಡಬ್ಲ್ಯು ಮತ್ತು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಧ್ಯಯನ ಹೇಳಿತ್ತು. ಅದೇ ವರ್ಷ ಇಡೀ ಜಗತ್ತಿನ ನವೀಕರಿಸಬಹುದಾದ ಇಂಧನ ಕ್ಷೇತ್ರಕ್ಕೆ ಐರೀನಾ (ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ) ಕೊಟ್ಟ ಅಂಕಿ ಶೇ 32.

ಸೈಟ್ ಯಾಕೆ ಮುಖ್ಯ? ನಮ್ಮ ಕೆಲಸದಲ್ಲಿ ಬಡ್ತಿ ಸಿಗುವುದು ಅಲ್ಲಿಂದಲೇ. 'ಎಷ್ಟು ಮೆಗಾವ್ಯಾಟ್ ಕಮಿಷನ್ ಮಾಡಿದ್ದೀರಿ?', ಅಂದರೆ ಎಷ್ಟು ಸಾಮರ್ಥ್ಯದ ಘಟಕಗಳನ್ನು ಪರೀಕ್ಷಿಸಿ ಚಾಲೂ ಮಾಡಿಸಿದ್ದೀರಿ ಎಂಬ ಪ್ರಶ್ನೆ ಪ್ರತಿ ಇಂಟರ್‌ವ್ಯೂನಲ್ಲೂ ಬರುತ್ತದೆ. ವರ್ಷಗಟ್ಟಲೆ ಡ್ರಾಯಿಂಗ್ ಮಾಡಿದ ಜಾಣೆಯರು ಅಲ್ಲಿಗೆ ನಿಂತುಬಿಡುತ್ತಾರೆ.

'ಪ್ಯಾನೆಲ್ ಭಾರ ಮೇಡಂ, ಹೆಣ್ಮಕ್ಕಳ ಕೈಲಿ ಆಗಲ್ಲ' ಅನ್ನುವ ಕಂಟ್ರಾಕ್ಟರುಗಳಿಗೆ ನಾನು ಹೇಳುವುದಿಷ್ಟೇ. 540 ವ್ಯಾಟಿನ ಪ್ಯಾನೆಲ್ ಸುಮಾರು 28 ಕೆಜಿ, ಏಳಡಿಗೂ ಉದ್ದ. ಗಾಳಿಗೆ ಸಿಕ್ಕರೆ ಎತ್ತಿದವರನ್ನೂ ಎಳೆದುಕೊಂಡು ಹೋಗುತ್ತದೆ. ಅದನ್ನು ಗಂಡಸರೂ ಒಬ್ಬರೇ ಎತ್ತಬಾರದು. ಇನ್ನು ಸ್ಟ್ರಿಂಗ್ (ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳ) ವೋಲ್ಟೇಜ್ ನೋಡುವುದಕ್ಕೆ, ಕೇಬಲ್ಲಿನ ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್ ಹಿಡಿಯುವುದಕ್ಕೆ, ಅರ್ಥಿಂಗ್ ಅಳೆಯುವುದಕ್ಕೆ ತೋಳ್ಬಲ ಯಾಕೆ?

ಹೆಣ್ಣುಮಕ್ಕಳನ್ನು ಸೈಟಿನಿಂದ ದೂರ ಇಡುವ ಕಾರಣಗಳೇ ಬೇರೆ. ಮೊದಲನೆಯದು ಶೌಚಾಲಯ. ಕಾರ್ಖಾನೆಯ ಲೇಡೀಸ್ ಟಾಯ್ಲೆಟ್ ಒಳಗೆಲ್ಲೋ ಇರುತ್ತದೆ, ಸೋಲಾರ್‌ನವರಿಗೆ ಅಲ್ಲಿಗೆ ಪ್ರವೇಶವಿಲ್ಲ. ಹಾಗಾಗಿ ಹುಡುಗಿಯರು ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ, ಕಾದ ತಗಡಿನ ಮೇಲೆ, ಅಷ್ಟು ಎತ್ತರದಲ್ಲಿ! ತಲೆ ಸುತ್ತಿದರೆ ಗತಿಯೇನು? ನನಗೆ ಇದಕ್ಕಿಂತ ದೊಡ್ಡ ಸುರಕ್ಷತಾ ಪ್ರಶ್ನೆ ಇನ್ನೊಂದಿಲ್ಲ. ಈಗ ಕೆಲಸ ಶುರುವಾಗುವ ಮುಂಚಿನ ಮೀಟಿಂಗಿನಲ್ಲೇ ಯಾವ ಶೌಚಾಲಯ, ಕೀಲಿ ಯಾರ ಹತ್ತಿರ ಎಂದು ಕೇಳಿ ಮಿನಿಟ್ಸ್‌ನಲ್ಲಿ ಬರೆಸುತ್ತೇನೆ. ಕೇಳುವಾಗ ಮುಜುಗರಪಡುವವರು ಸಾಮಾನ್ಯವಾಗಿ ಎದುರಿಗಿನವರು, ನಾನಲ್ಲ.

ಎತ್ತರದಲ್ಲಿ ಕೆಲಸ ಮಾಡುವಾಗ ಮೈಗೆ ಕಟ್ಟಿಕೊಳ್ಳುವ ಸುರಕ್ಷತಾ ಪಟ್ಟಿ, ಹಾರ್ನೆಸ್ಸಿನದೂ ಇದೇ ಕಥೆ. ಗಂಡಸರ ಅಳತೆಯದನ್ನೇ ತರಿಸುತ್ತಾರೆ. ತೊಡೆಯ ಪಟ್ಟಿ ಸಡಿಲವಿದ್ದರೆ ಬಿದ್ದಾಗ ಅದು ಕಾಪಾಡುವುದಿಲ್ಲ. ಸಣ್ಣ ಅಳತೆಯದು ಮಾರ್ಕೆಟ್ಟಿನಲ್ಲಿ ಸಿಗುತ್ತದೆ, ಪರ್ಚೇಸ್ ಆರ್ಡರಿನಲ್ಲಿ ಬರೆಯಬೇಕಷ್ಟೆ.

ಯಾರೂ ಮಾತಾಡದ ಇನ್ನೊಂದು ವಿಷಯವೆಂದರೆ ಭಾನುವಾರದ ಶಟ್‌ಡೌನ್. ನಮ್ಮ ಲೈನನ್ನು ಕಾರ್ಖಾನೆಯ ವಿದ್ಯುತ್ ಬೋರ್ಡಿಗೆ ಸೇರಿಸಲು ಕರೆಂಟ್ ತೆಗೆಯಬೇಕು. ಭಾನುವಾರ ಶಟ್‌ಡೌನ್ ಕೊಡುತ್ತೇವೆಂದು ಶನಿವಾರ ಸಂಜೆ ಫೋನ್ ಬರುತ್ತದೆ. ಮನೆಯಲ್ಲಿ ಮಗುವಿರುವ ಎಂಜಿನಿಯರ್ ಅಷ್ಟರಲ್ಲಿ ಯಾರನ್ನು ಹುಡುಕಬೇಕು? ಆ ಭಾನುವಾರ ಬಂದವನ ಹೆಸರೇ ಕಮಿಷನಿಂಗ್ ರಿಪೋರ್ಟಿನಲ್ಲಿ ಉಳಿಯುತ್ತದೆ. ತಿಂಗಳುಗಟ್ಟಲೆ ದುಡಿದವಳದ್ದು ಇರುವುದಿಲ್ಲ. ಈಗ ಒಂದು ವಾರ ಮೊದಲೇ ದಿನಾಂಕವನ್ನು ಮೇಲ್‌ನಲ್ಲಿ ಕೇಳುತ್ತೇವೆ, ಬಹುಪಾಲು ಮಂದಿ ಕೊಡುತ್ತಾರೆ. ತಂಡದ ಗಂಡಸರಿಗೂ ಇದು ಇಷ್ಟವಾಗಿದೆ, ಅವರಿಗೂ ಮನೆ ಇದೆಯಲ್ಲ.

ಓಡಾಟದ ಬಗ್ಗೆ ಒಂದು ಮಾತು. ಶಕ್ತಿ ಯೋಜನೆ 2023ರ ಜೂನ್‌ನಿಂದ ಬಸ್ಸು ಉಚಿತ ಮಾಡಿತು, ದೊಡ್ಡ ಅನುಕೂಲ. ಆದರೆ ಕತ್ತಲಾದ ಮೇಲೆ ಪೀಣ್ಯದ ಒಳರಸ್ತೆಯಿಂದ ಬಸ್ ಸ್ಟಾಪಿನವರೆಗಿನ ದಾರಿಗೆ ಆಟೋ, ಕ್ಯಾಬ್ ಖರ್ಚನ್ನು ಕಂಪನಿಯೇ ಭರಿಸಬೇಕು.

ಹೀಗೆ ಸೈಟ್ ನಡೆಸುವ ಗೆಳತಿಯರಿಗೆ, ಗೆಳೆಯರಿಗೆ ನನ್ನ ಸಲಹೆ: ಈ ಖರ್ಚುಗಳನ್ನು ಎಸ್ಟಿಮೇಟ್‌ನಲ್ಲಿ 'ಮಹಿಳಾ ಕಲ್ಯಾಣ' ಎಂದು ಹಾಕಬೇಡಿ. ದರದ ಚೌಕಾಸಿಯಲ್ಲಿ ಮೊದಲು ಕತ್ತರಿ ಬೀಳುವುದು ಆ ಸಾಲಿಗೇ. ಲೈಫ್‌ಲೈನ್ (ಹಾರ್ನೆಸ್ ಸಿಕ್ಕಿಸುವ ಹಗ್ಗ), ಹೆಲ್ಮೆಟ್ಟಿನ ಪಕ್ಕದಲ್ಲಿ, ಸೇಫ್ಟಿ ಪಟ್ಟಿಯೊಳಗೇ ಸೇರಿಸಿ. ಅವು ಸೇರಬೇಕಾದ ಜಾಗವೂ ಅದೇ.